ಒಲೆಗೆ ಸೇರಿದ ಹಕಾರ

ಕಂಪ್ಯೂಟರಿನ ಕೀಬೋರ್ಡು ಕಿತ್ತುಕೊಂಡು ನಾನು ಒಬ್ಬ ಗಂಡಸಿನ ಮುಖಕ್ಕೆ ಹೊಡೆದಿದ್ದೇನೆ. ಎರಡು ಕೈಯಲ್ಲೂ ಹಿಡಿದು, ಬಟ್ಟೆಯನ್ನು ಕಲ್ಲಿಗೆ ಬಡಿಯುವ ಹಾಗೆ ಬಡಿದೆ. ಕೀಗಳು ಹಾರಿ ಬೆಂಚುಗಳ ಕೆಳಗೆಲ್ಲ ಚೆಲ್ಲಿದವು. ಅವನ ಮೂಗಿನಿಂದ ರಕ್ತ ಬಂತು. ಕನ್ನಡ ಮೇಡಂ ಆದವರು ಹೀಗೆ ಮಾಡಬಹುದಾ ಎಂದು ಆಮೇಲೆ ಹಲವರು ಕೇಳಿದರು. ಅವನ ಬಲಗೈಗೆ ಅವನ ಮಗಳ ಜಡೆ ಸುತ್ತಿಕೊಂಡಿತ್ತು, ಎಡಗೈಯಲ್ಲಿ ಬೆಲ್ಟಿತ್ತು. ಆ ಹುಡುಗಿ ನನ್ನ ಹತ್ತನೇ ತರಗತಿಯವಳು. ಹೊಡೆದದ್ದಕ್ಕೆ ನನಗೆ ಇವತ್ತಿಗೂ ಬೇಸರವಿಲ್ಲ. ಕೀಬೋರ್ಡು ಇನ್ನೂ ಸ್ವಲ್ಪ ಭಾರ ಇರಬೇಕಿತ್ತು, ಅಷ್ಟೆ.

ಇದಕ್ಕೆಲ್ಲ ಕಾರಣ ಒಂದು ಅಕ್ಷರ. ಮತ್ತು ಆ ಅಕ್ಷರವನ್ನು ಮಕ್ಕಳು ಎಲ್ಲಿ ಬರೆಯಬೇಕು ಎಂದು ನಾವು ದೊಡ್ಡವರು ಕೂತು ಮಾಡಿದ ಆಯ್ಕೆ.

ನಾನಿರುವುದು ಕೊಳ್ಳೇಗಾಲದಲ್ಲಿ. ಶಾಲೆ ಹನೂರು ದಾಟಿ, ಅಜ್ಜೀಪುರದ ರಸ್ತೆಯಿಂದ ಒಳಕ್ಕೆ ಹೋದರೆ ಸಿಗುವ ಊರಿನಲ್ಲಿ. ಬೆಳಿಗ್ಗೆ ಬಸ್ಸು ಹತ್ತಿದರೆ ಹನೂರಿನವರೆಗೆ ಫೋನಿಗೆ ಸಿಗ್ನಲ್ ಇರುತ್ತದೆ, ಆಮೇಲೆ ಅದು ತನಗೆ ಮನಸ್ಸು ಬಂದಾಗ ಬರುತ್ತದೆ. ಊರಿನಲ್ಲಿ ಮೇಲಿನ ಬೀದಿ, ಕೆಳಗಿನ ಬೀದಿ ಎಂದು ಎರಡು. ಮೇಲಿನವರದು ಜಮೀನು, ಕೆಳಗಿನವರದು ಆ ಜಮೀನಿನಲ್ಲಿ ದುಡಿತ. ಮೇಲಿನ ಬೀದಿಯವರು ಕೆಳಗಿನ ಬೀದಿಯ ಮನೆಗಳಲ್ಲಿ ನೀರು ಮುಟ್ಟುವುದಿಲ್ಲ. ಇದನ್ನು ಯಾರೂ ಬಾಯಿ ಬಿಟ್ಟು ಹೇಳುವುದಿಲ್ಲ, ಹೇಳದೆಯೇ ನಡೆಸಿಕೊಂಡು ಬಂದಿದ್ದಾರೆ. ಶಾಲೆಯಲ್ಲಿ ಮಾತ್ರ ಎರಡೂ ಬೀದಿಯ ಮಕ್ಕಳು ಒಂದೇ ಬೆಂಚಿನಲ್ಲಿ ಕೂರುತ್ತಾರೆ. ಈ ಹುಡುಗಿ ಮೇಲಿನ ಬೀದಿಯವಳು. ಅವಳ ಪಕ್ಕದಲ್ಲಿ ಕೂರುತ್ತಿದ್ದ ಗೆಳತಿ ಕೆಳಗಿನ ಬೀದಿಯವಳು.

ಕೊಳ್ಳೇಗಾಲದಲ್ಲಿ ನಮಗೊಂದು ತರಬೇತಿ ಇಟ್ಟಿದ್ದರು. ಮಕ್ಕಳು ಆನ್‌ಲೈನಿನಲ್ಲಿ ಬರೆಯುವುದಕ್ಕೆ, ಬರೆದದ್ದರ ಮೇಲೆ ಚರ್ಚೆ ಮಾಡುವುದಕ್ಕೆ ಪ್ರತಿ ಶಾಲೆಯೂ ಒಂದು ಜಾಗ ಆರಿಸಿಕೊಳ್ಳಬೇಕಿತ್ತು. ಪಾಠ ಹೇಳಲು ಬಂದಿದ್ದವಳು ಚಿಕ್ಕ ವಯಸ್ಸಿನವಳು, ಬಹಳ ತಾಳ್ಮೆಯವಳು. ಗೋಡೆಯ ಮೇಲೆ ಚಿತ್ರ ಬಿಟ್ಟು ತೋರಿಸಿದಳು. ಎಲ್ಲರ ಫೋನಿನಲ್ಲೂ ಆಗಲೇ ಇರುವ ಪೋಷಕರ ಗ್ರೂಪಿನಲ್ಲೇ ಬರೆಸಬಹುದು. ಇಲ್ಲವೇ ತರಗತಿಗೆಂದೇ ಒಂದು ಪುಟ ಮಾಡಿ, ಅಲ್ಲಿ ಮಕ್ಕಳ ಬರಹ ಹಾಕಿ, ಕೆಳಗೆ ಬೇರೆಯವರು ಅಭಿಪ್ರಾಯ ಬರೆಯುವಂತೆ ಮಾಡಬಹುದು. ಹಿಂದಿನ ಸಾಲಿನ ಮೇಷ್ಟರುಗಳು ಪಕೋಡ ಯಾವಾಗ ಬರುತ್ತದೆ ಎಂದು ಬಾಗಿಲು ನೋಡುತ್ತಿದ್ದರು. ನಾನು ಎದ್ದು ಒಂದೇ ಪ್ರಶ್ನೆ ಕೇಳಿದೆ. "ತಪ್ಪು ಬರೆದರೆ ಆಮೇಲೆ ತಿದ್ದೋಕಾಗುತ್ತಾ?"

ಗ್ರೂಪಿನಲ್ಲಿ ಸ್ವಲ್ಪ ಹೊತ್ತಿನವರೆಗೆ ಮಾತ್ರ, ಅಷ್ಟರಲ್ಲಿ ಯಾರಾದರೂ ಬೇರೆಯವರಿಗೆ ಕಳಿಸಿಬಿಟ್ಟಿದ್ದರೆ ಅದೂ ಇಲ್ಲ ಎಂದಳು. ಪುಟದಲ್ಲಿ ಯಾವಾಗ ಬೇಕಾದರೂ ತಿದ್ದಬಹುದು. ಬೇಕಿದ್ದರೆ ಟೀಚರು ನೋಡಿ ಒಪ್ಪಿದ ಮೇಲಷ್ಟೇ ಕಾಣಿಸುವ ಹಾಗೆ ತಡೆ ಹಾಕಿಕೊಳ್ಳಬಹುದು. ನಾನು ಅಲ್ಲೇ ತೀರ್ಮಾನ ಮಾಡಿದೆ. ಪುಟ, ಮತ್ತು ತಡೆ.

ನಮ್ಮ ಹೆಡ್‌ಮಾಸ್ಟರು ಒಳ್ಳೆಯವರು, ಹೆದರುಪುಕ್ಕಲರು. ನಿವೃತ್ತಿ ಹತ್ತಿರವಿತ್ತು. ಅವರಿಗೆ ಗ್ರೂಪೇ ಬೇಕಿತ್ತು. "ಪೋಷಕ್ರ ಕಣ್ಣಿಗೆ ಬೀಳ್ಬೇಕು ಕಣ್ರಿ ಮೇಡಂ. ಸಾಹೇಬ್ರು ಬಂದಾಗ ತಕ್ಷಣ ತೋರಿಸ್ಬೇಕು" ಎಂದರು. ಶಾಲೆಯಿಂದ ವಾಪಸು ಬರುವ ಬಸ್ಸಿನಲ್ಲಿ ಇಡೀ ದಾರಿ ಜಗಳವಾಡಿದೆವು. ಕಂಡಕ್ಟರು ನಮ್ಮನ್ನು ಗಂಡ ಹೆಂಡತಿ ಅಂದುಕೊಂಡಿರಬೇಕು, ಸಮಾಧಾನ ಮಾಡಲು ಬಂದ. ಕೊನೆಗೆ ಪುಟ ಮಾಡುವುದು, ಆದರೆ ಪುಟದಲ್ಲಿ ಹೊಸದೇನು ಬಂದರೂ ಅದರ ಕೊಂಡಿ ತಾನಾಗಿಯೇ ಪೋಷಕರ ಗ್ರೂಪಿಗೆ ಹೋಗುವುದು ಎಂದು ಒಪ್ಪಂದವಾಯಿತು. ಕೆಲವು ವಾರಗಳಾದ ಮೇಲೆ, ನಾನು ಬಸ್ಸಿನಲ್ಲಿ ಸಿಗ್ನಲ್ ಇಲ್ಲದೆ ಕೂತಾಗ ಮಕ್ಕಳ ಬರಹ ಬಾಕಿ ನಿಲ್ಲುತ್ತದೆ ಎಂದು ಅವರು ತಡೆಯನ್ನೂ ತೆಗೆಸಿಬಿಟ್ಟರು. ನನಗೆ ಗೊತ್ತಾದ ದಿನ ಕೈಯಲ್ಲಿದ್ದ ಡಸ್ಟರನ್ನು ಸ್ಟಾಫ್ ರೂಮಿನ ಗೋಡೆಗೆ ಬೀಸಿ ಒಗೆದೆ. ಗೋಡೆಯ ಗಾರೆ ಉದುರಿತು. "ಗೋಡೆ ಸರ್ಕಾರದ್ದು ಮೇಡಂ" ಎಂದರು ಹೆಡ್‌ಮಾಸ್ಟರು, ಅಷ್ಟೇ. ತಡೆ ಮಾತ್ರ ಮತ್ತೆ ಹಾಕಿಸಲಿಲ್ಲ.

ಇನ್ನು ಆ ಅಕ್ಷರದ ವಿಷಯ. ನಮ್ಮ ಕಡೆಯವರ ಬಾಯಲ್ಲಿ ಹಕಾರ ನಿಲ್ಲುವುದಿಲ್ಲ. ಹೋಗು ಎಂಬುದು ಓಗು, ಹಾಲು ಎಂಬುದು ಆಲು. ನಾನು ಸತ್ತೇಗಾಲದ ಕಡೆ ಹುಟ್ಟಿದವಳು. ಇಷ್ಟು ವರ್ಷ ಕನ್ನಡ ಪಾಠ ಹೇಳಿಯೂ, ಸಿಟ್ಟು ಬಂದರೆ ನನ್ನ ಹಕಾರವೂ ಮಾಯವಾಗುತ್ತದೆ. ಸಿಟ್ಟು ನನಗೆ ಮೂಗಿನ ತುದಿಯಲ್ಲೇ ಇರುತ್ತದೆ. ಆದರೆ ಶಾಲೆಗೆ ಸೇರಿದ ಮಕ್ಕಳಿಗೆ ಹಕಾರ ಬಿಟ್ಟರೆ ಏಟು. ಈ ಹುಡುಗಿ ಚಿಕ್ಕ ತರಗತಿಯಲ್ಲಿದ್ದಾಗ ಒಬ್ಬ ಮೇಷ್ಟರು ಬಿಟ್ಟ ಒಂದೊಂದು ಹಕಾರಕ್ಕೂ ಸ್ಕೇಲಿನ ಅಂಚಿನಿಂದ ಬೆರಳ ಗೆಣ್ಣಿಗೆ ಹೊಡೆಯುತ್ತಿದ್ದರಂತೆ. ಅವಳ ಬಲಗೈಯ ಗೆಣ್ಣುಗಳ ಮೇಲೆ ಬಿಳಿ ಗೆರೆಗಳು ಉಳಿದಿದ್ದವು. ಹೊಡೆತ ತಿಂದು ತಿಂದು ಅವಳು ಒಂದು ಉಪಾಯ ಕಂಡುಕೊಂಡಿದ್ದಳು. ಅನುಮಾನ ಬಂದ ಕಡೆಯೆಲ್ಲ ಹಕಾರ ಹಾಕಿಬಿಡುವುದು. ಅಕ್ಕಿ ಹಕ್ಕಿಯಾಗುತ್ತಿತ್ತು, ಎಣ್ಣೆ ಹೆಣ್ಣೆಯಾಗುತ್ತಿತ್ತು, ಉಪ್ಪು ಹುಪ್ಪಾಗುತ್ತಿತ್ತು. ಹೆಚ್ಚಾಗಿ ಹಾಕಿದ ಹಕಾರಕ್ಕೆ ಆ ಮೇಷ್ಟರು ಹೊಡೆಯುತ್ತಿರಲಿಲ್ಲವಲ್ಲ.

ನಾನು ನಗುತ್ತಿದ್ದೆ. "ಮೊದಲು ಬರಿ, ಆಮೇಲೆ ಇಬ್ಬರೂ ಕೂತು ತಿದ್ದೋಣ" ಎನ್ನುತ್ತಿದ್ದೆ. ಪುಟದಲ್ಲಿ ಅವಳು ಬರೆದಷ್ಟು ಬೇರೆ ಯಾರೂ ಬರೆಯಲಿಲ್ಲ. ಮುಸುಕಿನ ಜೋಳಕ್ಕೆ ನುಗ್ಗಿದ ಕಾಡುಹಂದಿಯ ಬಗ್ಗೆ, ತಮಿಳು ಮಾತಾಡುವ ಬಳೆಯವಳ ಬಗ್ಗೆ. ಕೆಳಗೆ ಹುಡುಗರು ಜಗಳ ಆಡುತ್ತಿದ್ದರು. ಹಂದಿಯನ್ನು ಮೊದಲು ಕಂಡದ್ದು ತಾನೆಂದು ಒಬ್ಬ, ನಿನ್ನ ಹಲ್ಲು ಉದುರಿಸುತ್ತೇನೆಂದು ಇನ್ನೊಬ್ಬ. ಅದನ್ನೂ ನಾನು ಚರ್ಚೆ ಎಂದೇ ಲೆಕ್ಕಕ್ಕೆ ತೆಗೆದುಕೊಂಡಿದ್ದೆ.

ಒಂದು ಶನಿವಾರ, ನಿಮಗೆ ಇಷ್ಟವಾದ ಒಂದು ಜಾಗದ ಬಗ್ಗೆ ಬರೆಯಿರಿ ಎಂದು ಹೇಳಿ ಬಂದೆ. ಭಾನುವಾರ ಸಂಜೆ ಅವಳು ಬರೆದಳು. ಮೊದಲ ಸಾಲಿನಲ್ಲಿ ಅವಳು ಹೇಳಬೇಕೆಂದಿದ್ದದ್ದು ಇಷ್ಟು: ನನಗೆ ಇಷ್ಟವಾದ ಜಾಗ ನನ್ನ ಗೆಳತಿಯ ಮನೆ ಒಲೆಯ ಮುಂದೆ ಇದೆ. ಅಭ್ಯಾಸಬಲದಿಂದ ಅವಳು ಒಲೆಗೂ ಒಂದು ಹಕಾರ ಸೇರಿಸಿದಳು. ‘ಒಲೆಯ’ ಎಂಬುದಕ್ಕೆ ಹಕಾರ ಸೇರಿದರೆ ಏನಾಗುತ್ತದೆಂದು ಕನ್ನಡ ಬಲ್ಲವರಿಗೆ ಗೊತ್ತು. ಕೆಳಗಿನ ಬೀದಿಯವರನ್ನು ತಲೆತಲಾಂತರದಿಂದ ಚುಚ್ಚಿದ ಆ ಪದವನ್ನು ನಾನು ಇಲ್ಲಿ ಬರೆಯುವುದಿಲ್ಲ.

ಪುಟ ತೆರೆದು ಇಡೀ ಬರಹ ಓದಿದ್ದರೆ ಮಗುವಿಗೂ ಗೊತ್ತಾಗುತ್ತಿತ್ತು. ಮುಂದಿನ ಸಾಲಿನಲ್ಲೇ ಗೆಳತಿಯ ಅವ್ವ "ಹಕ್ಕಿ ತೊಳೆದು ಹೆಸರಿಗೆ ಹಾಕಿದರು" ಎಂದಿತ್ತು. ಅಕ್ಕಿ ತೊಳೆದು ಎಸರಿಗೆ ಹಾಕಿದ್ದು. ಆಮೇಲೆ ಬಿಸಿ ರಾಗಿ ರೊಟ್ಟಿಗೆ ಹುಚ್ಚೆಳ್ಳಿನ ಚಟ್ನಿ ಹಚ್ಚಿ ಕೊಟ್ಟದ್ದು, ಇವಳು ಅಲ್ಲೇ ಕಾಲು ಚಾಚಿ ಕೂತು ತಿಂದದ್ದು, ಹೊಗೆಗೆ ಕಣ್ಣು ಉರಿದರೂ ಏಳಲು ಮನಸ್ಸಾಗದೆ ಇದ್ದದ್ದು. ಆದರೆ ಪೋಷಕರ ಗ್ರೂಪಿಗೆ ಇಡೀ ಬರಹ ಹೋಗುವುದಿಲ್ಲ. ಕೊಂಡಿಯ ಜೊತೆಗೆ ಬರೆದವರ ಹೆಸರು ಮತ್ತು ಮೊದಲ ಸಾಲಿನ ಒಂದು ತುಂಡು ಮಾತ್ರ ಕಾಣಿಸುತ್ತದೆ. ಆ ತುಂಡು ಸರಿಯಾಗಿ ಆ ಪದಕ್ಕೇ ನಿಂತಿತ್ತು. ನನ್ನ ಗೆಳತಿಯ ಮನೆ, ಆಮೇಲೆ ಆ ಪದ, ಆಮೇಲೆ ಮೂರು ಚುಕ್ಕಿ.

ಗೆಳತಿ ಆ ಸಂಜೆಯೇ ಬರಹದ ಕೆಳಗೆ ಬರೆದಿದ್ದಳು: "ನಮ್ಮನೆ ಒಲೆ ಬಗ್ಗೆ ಬರೆದಿದಾಳೆ, ಎಲ್ಲರೂ ಪೂರ್ತಿ ಓದಿ." ಯಾರೂ ಪೂರ್ತಿ ಓದಲಿಲ್ಲ. ತುಂಡನ್ನು ಮಾತ್ರ ಊರಿಂದೂರಿಗೆ ಕಳಿಸಿದರು. ಶಾಗ್ಯದಲ್ಲಿರುವ ಯಾರೋ ಅದನ್ನು ನನಗೇ ಕಳಿಸಿ, ಇದು ನಿಮ್ಮ ಶಾಲೆಯದ್ದಾ ಎಂದು ಕೇಳಿದ್ದರು. ನಾನದನ್ನು ನೋಡಿದ್ದು ಸೋಮವಾರ ಬೆಳಿಗ್ಗೆ ಬಸ್ಸಿನಲ್ಲಿ, ಸಿಗ್ನಲ್ ಹೋಗುವ ಹೊತ್ತಿಗೆ. ತಿದ್ದೋಣವೆಂದರೆ ಪುಟ ತೆರೆಯಲಿಲ್ಲ. ಬಸ್ಸಿನ ಕಂಬಿಗೆ ಹಣೆ ಚಚ್ಚಿಕೊಳ್ಳುವಷ್ಟು ಸಿಟ್ಟು ಬಂದಿತ್ತು.

ಶಾಲೆಯ ಗೇಟಿನ ಮುಂದೆ ಬೈಕುಗಳು ನಿಂತಿದ್ದವು. ಕೆಳಗಿನ ಬೀದಿಯ ಹುಡುಗರು, ಹಲವರು ನನ್ನ ಹಳೆಯ ವಿದ್ಯಾರ್ಥಿಗಳೇ. ನಾನು ಗೇಟು ದಾಟುವಷ್ಟರಲ್ಲಿ ಒಂದು ಕಲ್ಲು ಕಂಪ್ಯೂಟರ್ ಕೋಣೆಯ ಕಿಟಕಿ ಒಡೆದು ಒಳಗೆ ಬಿತ್ತು. ಅವರ ಸಿಟ್ಟು ಸುಳ್ಳಿನದಲ್ಲ. ಆ ಪದ ಕೇಳಿಸಿಕೊಂಡು ಅವರ ಅಜ್ಜಂದಿರು ತಲೆ ತಗ್ಗಿಸಿದ್ದರು, ಇವರು ತಗ್ಗಿಸುವುದಿಲ್ಲ. ಗೆಳತಿಯ ಅಣ್ಣ ಮುಂದೆ ನಿಂತಿದ್ದ. ಫೋನನ್ನು ನನ್ನ ಮುಖಕ್ಕೆ ಹಿಡಿದ. "ಇದ್ನೇನಾ ನೀವು ಕಲ್ಸೋದು? ಓದಿ ಮೇಡಂ. ಗಟ್ಟಿಯಾಗೋದಿ."

"ಒಳಗ್ ಬಾ. ಪೂರ್ತಿ ಓದು ನೀನೇ" ಎಂದೆ. ಒಡೆದ ಗಾಜು ತುಳಿದುಕೊಂಡು ಕಂಪ್ಯೂಟರ್ ಕೋಣೆಗೆ ಕರೆದುಕೊಂಡು ಹೋಗಿ ಪುಟ ತೆರೆದು ಕೊಟ್ಟೆ. ಅವನು ನಿಂತುಕೊಂಡೇ ಓದಿದ. ಹಕ್ಕಿ ತೊಳೆದು ಹೆಸರಿಗೆ ಹಾಕಿದ ಕಡೆ ಬಂದಾಗ ಅವನ ಹುಬ್ಬು ಸಡಿಲವಾಯಿತು. ಕೆಳಗೆ ತಂಗಿ ಬರೆದದ್ದನ್ನೂ ಓದಿದ. ಹಿಂದಿದ್ದವರ ಕಡೆ ತಿರುಗಿ, "ಲೇ, ಒಲೆ ಕಣ್ಲಾ. ನಮ್ಮವ್ವನ್ ಒಲೆ. ಅಲ್ಲಿ ಕೂತ್ಕಂಡ್ ರೊಟ್ಟಿ ತಿಂದವ್ಳೆ ಇವ್ಳು" ಎಂದ. ಯಾರೋ ಒಬ್ಬ ನಕ್ಕುಬಿಟ್ಟ. ಮುಗಿಯಿತು ಅಂದುಕೊಂಡೆ.

ಬಾಗಿಲಲ್ಲಿ ಅವಳ ಅಪ್ಪ ನಿಂತಿದ್ದ. ಗಲಾಟೆ ಸುದ್ದಿ ಕೇಳಿ ಮಗಳ ರಕ್ಷಣೆಗೆಂದು ಓಡಿ ಬಂದಿದ್ದನಂತೆ. ಅವನ ಕಿವಿಗೆ ಬಿದ್ದದ್ದು ಕೊನೆಯ ಮಾತು ಮಾತ್ರ. ರೊಟ್ಟಿ ತಿಂದವಳೆ.

ಅವನು ಕೂಗಲಿಲ್ಲ. ಪಕ್ಕದ ತರಗತಿಗೆ ಹೋಗಿ ಅವಳ ಜಡೆಯನ್ನು ಕೈಗೆ ಸುತ್ತಿ, ಬೆಂಚುಗಳ ನಡುವೆ ಎಳೆದುಕೊಂಡು ಕಂಪ್ಯೂಟರ್ ಕೋಣೆಗೇ ತಂದ. "ಯಾವ್ದ್ರಲ್ ಬರ್ದೆ? ತೋರ್ಸು" ಎಂದ. ಅವಳು ತೋರಿಸುವ ಮೊದಲೇ ಬೆಲ್ಟು ಬಿಚ್ಚಿದ್ದ. ಮೊದಲ ಏಟು ಕುತ್ತಿಗೆಗೆ ಬಿತ್ತು, ಮುಂದಿನದು ಮುಖಕ್ಕೆ. ಬಕಲಿನ ಕಬ್ಬಿಣ ಅವಳ ತುಟಿ ಸೀಳಿತು. ನಾನು ಬೆಲ್ಟು ಹಿಡಿಯಲು ಹೋದೆ, ನನ್ನ ಮುಂಗೈಗೂ ಬಿತ್ತು. ಹೆಡ್‌ಮಾಸ್ಟರು ಓಡಿ ಬಂದು ಅವನ ಎದೆಗೆ ಎರಡೂ ಕೈ ಕೊಟ್ಟು ನಿಂತರು. ಸಾಹೇಬರಿಗೆ ಹೆದರುವ ಮನುಷ್ಯ ಇವನಿಗೆ ಹೆದರಲಿಲ್ಲ. ಅವನು ತಳ್ಳಿದ ರಭಸಕ್ಕೆ ಅವರ ಕನ್ನಡಕ ಬಿದ್ದು ಕಾಲಡಿ ಪುಡಿಯಾಯಿತು. ಆಗಲೇ ನಾನು ಕೀಬೋರ್ಡು ಕಿತ್ತದ್ದು. "ಬುಡ್ಲಾ ಅವ್ಳ. ಬುಡು. ಒಡೀತೀನಿ ನಿನ್ನ" ಎಂದು ಕಿರುಚಿದೆನಂತೆ. ನನ್ನ ಹಕಾರ ಹೋಗಿತ್ತು ಎಂದು ಮಕ್ಕಳು ಆಮೇಲೆ ಹೇಳಿದರು.

ಮೂಗಿನ ರಕ್ತ ಒರೆಸಿಕೊಂಡು ಅವನು ಮಗಳನ್ನು ಕರೆದುಕೊಂಡು ಹೋದ. ಅಷ್ಟು ಜನ ನಿಂತಿದ್ದೆವು, ತಡೆಯಲಾಗಲಿಲ್ಲ. ಅಪ್ಪ ತಾನೇ ಎಂದರು ಕೆಲವರು.

ಮಕ್ಕಳ ಸಹಾಯವಾಣಿಗೆ ಫೋನ್ ಮಾಡಿದೆ. ಬಂದರು, ಬಿದ್ದೆ ಎಂದು ಹುಡುಗಿಯೇ ಹೇಳಿದಳು, ಹೋದರು. ಅವಳು ಶಾಲೆಗೆ ಬರಲಿಲ್ಲ. ಪರೀಕ್ಷೆ ಹತ್ತಿರವಿತ್ತು. ಹೆಡ್‌ಮಾಸ್ಟರೂ ನಾನೂ ಮೇಲಿನ ಬೀದಿಯ ಅವಳ ಮನೆಗೆ ಹೋದೆವು. ಅಪ್ಪ ಜಗುಲಿಯ ಮೇಲೆ ಚಾಪೆ ಹಾಸಿದ, ನೀರು ತರಿಸಿಕೊಟ್ಟ. ಊದಿದ ಮೂಗಿನಲ್ಲೇ ನನಗೆ ನಮಸ್ಕಾರ ಮಾಡಿದ. ಹುಡುಗಿ ಬಾಗಿಲ ಹಿಂದೆ ನಿಂತಿದ್ದಳು, ತುಟಿ ಕಪ್ಪಗಾಗಿತ್ತು.

"ನ್ಯಾಯ ಮಾಡಕ್ಕೆ ಊರ್ ಸೇರ್ತದೆ ಶಾಲೇಲಿ, ಎರಡ್ ಬೀದಿಯವ್ರೂ" ಎಂದ ಅವನು. "ನಾನು ಬೈದು ಬರ್ದೆ, ತಪ್ಪಾಯ್ತು ಅಂತ ಕ್ಷಮೆ ಕೇಳ್ತಾಳೆ. ಚಿಕ್ಕುಡ್ಗಿ, ಬುಡ್ತಾರೆ. ಮಾರ್ನೆ ದಿನ್ದಿಂದ ಶಾಲೆಗ್ ಕಳುಸ್ತೀನಿ."

"ಅವಳು ಬೈದಿಲ್ಲವಲ್ಲ" ಎಂದೆ.

ಅವನು ನನ್ನನ್ನು ದಡ್ಡಿಯನ್ನು ನೋಡುವ ಹಾಗೆ ನೋಡಿದ. "ಬೈದೆ ಅಂದ್ರೆ ಒಂದಿನದ್ ಮಾತು ಮೇಡಂ. ತಿಂದೆ ಅಂದ್ರೆ ನಮ್ ಬೀದೀಲಿ ನಮ್ಮನೆ ನೀರು ಯಾರೂ ಮುಟ್ಟಕಿಲ್ಲ. ಇನ್ನೊಬ್ಬ ಮಗಳವ್ಳೆ, ಮದ್ವೆ ಮಾಡ್ಬೇಕು. ನೀವು ಅದ್ರಲ್ಲಿ ಒಂದಕ್ಸರಾನೂ ತಿದ್ಕೂಡ್ದು. ತಿದ್ದುದ್ರೆ ನಾನು ಅವ್ಳ ಕೈಯೇ ಮುರಿತೀನಿ." ಬಾಗಿಲ ಕಡೆ ತಿರುಗಿ, ಅಷ್ಟೇ ತಣ್ಣಗೆ, "ಕೇಳುಸ್ತಾ? ಬೈದೆ ಅನ್ನು. ತಿಂದೆ ಅನ್ಬೇಡ" ಎಂದ.

ನನ್ನ ಜೀವನದಲ್ಲಿ ನಾನು ಕೇಳಿದ ಅತ್ಯಂತ ಹೊಲಸು ಮಾತು ಅದು. ಅವಳು ಗೆಳತಿಯನ್ನು ಹೀನವಾಗಿ ಬೈದಿದ್ದರೆ ಅಪ್ಪನಿಗೆ ತಡೆದುಕೊಳ್ಳಬಹುದು, ಗೆಳತಿಯ ಕೈಯಿಂದ ರೊಟ್ಟಿ ತಿಂದಿದ್ದರೆ ತಡೆದುಕೊಳ್ಳಲಾಗದು. ತಿದ್ದುವ ಅಧಿಕಾರ ನನ್ನ ಕೈಯಲ್ಲಿತ್ತು, ಫೋನಿನಲ್ಲೇ ಮುಗಿಯುವ ಕೆಲಸ. ತಿದ್ದಿದರೆ ಅವಳಿಗೆ ಏಟು. ತಿದ್ದದಿದ್ದರೆ ಆ ಪದ ಅವಳ ಹೆಸರಿನ ಜೊತೆ ಅಲ್ಲೇ ನಿಂತಿರುತ್ತದೆ, ಗೆಳತಿಯ ಅವ್ವನ ಒಲೆಯ ಮೇಲೆ ಉಗಿದ ಹಾಗೆ. ವಾಪಸು ಬರುತ್ತಾ ಹೆಡ್‌ಮಾಸ್ಟರು, "ಗ್ರೂಪೇ ಇದ್ದಿದ್ರೆ ಈ ತಿದ್ದೋ ತಾಪತ್ರಯನೇ ಇರ್ತಿರ್ಲಿಲ್ಲ" ಎಂದರು. ಹೊಸ ಕನ್ನಡಕ ಇನ್ನೂ ಬಂದಿರಲಿಲ್ಲ, ನಾನೇ ಕೈ ಹಿಡಿದು ಬಸ್ಸು ಹತ್ತಿಸಬೇಕಿತ್ತು. ಇಲ್ಲದಿದ್ದರೆ ಅಲ್ಲೇ ಬಿಟ್ಟು ಬರುತ್ತಿದ್ದೆ.

ಶಾಲೆಯ ಹಾಲಿನಲ್ಲಿ ಎರಡೂ ಬೀದಿಯವರು ಸೇರಿದರು. ಮೇಲಿನವರು ಕಿಟಕಿಯ ಪಕ್ಕ, ಕೆಳಗಿನವರು ಬಾಗಿಲ ಪಕ್ಕ. ಗೆಳತಿ, ಅವಳ ಅವ್ವ, ಅಣ್ಣ ಕೊನೆಯ ಬೆಂಚಿನಲ್ಲಿ ಕೂತಿದ್ದರು. ಎಲ್ಲರಿಗೂ ಕಾಣಲಿ ಎಂದು ಹೆಡ್‌ಮಾಸ್ಟರು ಪುಟವನ್ನು ಗೋಡೆಯ ಮೇಲೆ ಬಿಟ್ಟಿದ್ದರು. ಮೊದಲ ಸಾಲಷ್ಟೇ ಕಾಣುತ್ತಿತ್ತು, ಅದರಲ್ಲಿ ಆ ಪದ ಆಳೆತ್ತರ ನಿಂತಿತ್ತು. ಕೆಳಗಿನ ಬೀದಿಯ ಮುದುಕರೊಬ್ಬರು ಅದನ್ನು ನೋಡಲಾರದೆ ಮುಖ ಪಕ್ಕಕ್ಕೆ ತಿರುಗಿಸಿದರು.

ಹುಡುಗಿಯನ್ನು ಎದ್ದು ನಿಲ್ಲಿಸಿದರು. ಏನು ಬರೆದೆ ಹೇಳು ಎಂದರು.

ಅವಳು ಅಪ್ಪನ ಕಡೆ ನೋಡಿದಳು. ಆಮೇಲೆ ಕೊನೆಯ ಬೆಂಚಿನ ಕಡೆ ನೋಡಿದಳು. "ನಾ ಬರ್ದಿದ್ದು ಒಲೆಯ" ಎಂದಳು.

"ಕೇಳುದ್ರಾ, ಒಪ್ಕಂಡ್ಲು" ಎಂದ ಅಪ್ಪ.

ಗೆಳತಿಯ ಅಣ್ಣ ಎದ್ದ. "ಅದು ಒಲೆಯ ಅಂದ್ಲು. ಬೈಲಿಲ್ಲ."

"ಬೈಗಳಾನೂ ನಾವು ಅಂಗೇ ತಾನೇ ಅನ್ನೋದು" ಎಂದ ಕಿಟಕಿಯ ಪಕ್ಕದವನೊಬ್ಬ.

ನನಗೆ ಆಗ ಹೊಳೆಯಿತು. ಹಕಾರವೇ ಇಲ್ಲದ ಊರಿನಲ್ಲಿ ಆ ಬೈಗಳೂ ಒಲೆಯೂ ಬಾಯಿಗೆ ಒಂದೇ. ಅವಳು ಬೆಳಗಿನಿಂದ ಸಂಜೆಯವರೆಗೆ ನಿಂತು ಹೇಳಿದರೂ ಯಾರು ಏನು ಬೇಕೋ ಅದನ್ನೇ ಕೇಳಿಸಿಕೊಳ್ಳುತ್ತಾರೆ. ಮಾತು ಬೆಳೆಯಿತು, ಬೆಂಚು ಬಿತ್ತು, ಒಬ್ಬ ಇನ್ನೊಬ್ಬನ ಅಂಗಿ ಹಿಡಿದ. ಯಾರದೋ ಮೊಣಕೈ ನನ್ನ ಪಕ್ಕೆಗೆ ಬಡಿದು ಉಸಿರು ಕಟ್ಟಿತು. ನಾನು ಬಗ್ಗಿ ನಿಂತಿದ್ದಾಗ, ನನ್ನ ಪಕ್ಕದಿಂದ ಹುಡುಗಿ ಹಾದು ಹೋದಳು.

ಮೇಜಿನ ಮೇಲೆ ಅದೇ ಕೀಬೋರ್ಡು ಇತ್ತು. ಕೀಗಳನ್ನು ಹೆಕ್ಕಿ ನಾನೇ ಮತ್ತೆ ಕೂರಿಸಿದ್ದೆ. ಅವಳು ಕುರ್ಚಿ ಎಳೆದುಕೊಳ್ಳಲಿಲ್ಲ, ನಿಂತೇ ತನ್ನ ಬರಹವನ್ನು ಪೂರ್ತಿ ತೆರೆದಳು. ಗೋಡೆಯ ಮೇಲೆ ಆ ಪದದ ಪಕ್ಕ ಒಂದು ಗೆರೆ ಮಿಣುಕತೊಡಗಿತು. ಜಗಳವಾಡುತ್ತಿದ್ದವರು ಒಬ್ಬೊಬ್ಬರಾಗಿ ಹಿಡಿದ ಅಂಗಿ ಬಿಟ್ಟು ಗೋಡೆಯ ಕಡೆ ತಿರುಗಿದರು. ಮೊದಲ ಅಕ್ಷರ ಅಳಿಸಿಹೋಯಿತು. ಅದರ ಜಾಗದಲ್ಲಿ ಬರೀ ‘ಒ’ ಬಂದು ಕೂತಿತು. ಒಲೆಯ ಮುಂದೆ. ಕೆಳಗಿನ ರೊಟ್ಟಿಯ ಸಾಲುಗಳನ್ನು ಅವಳು ಮುಟ್ಟಲಿಲ್ಲ. ಗೋಡೆಯ ಮೇಲೆ ಎಲ್ಲರೂ ಅದನ್ನು ಓದಿಕೊಂಡರು, ಮೇಲಿನ ಬೀದಿಯವರೂ.

ಕೊನೆಯ ಬೆಂಚಿನಲ್ಲಿ ಗೆಳತಿಯ ಅವ್ವ ಸೆರಗು ಬಾಯಿಗೆ ಒತ್ತಿಕೊಂಡಿದ್ದಳು. "ಇನ್ನೊಂದ್ ರೊಟ್ಟಿ ಇತ್ತು ಕಣವ್ವ ಅವತ್ತು. ನೀನು ತಿನ್ನದೆ ಓಗ್ಬುಟ್ಟೆ" ಎಂದಳು. ಅಪ್ಪ ಎದ್ದು ಹೊರಗೆ ಹೋದ. ಅವನು ಅಲ್ಲೇ ಹೊಡೆಯುತ್ತಾನೆಂದು ನಾನು ಕಾದಿದ್ದೆ, ಹೊಡೆಯಲಿಲ್ಲ. ಅದು ನನಗೆ ಇನ್ನಷ್ಟು ಭಯ ಹುಟ್ಟಿಸಿತು. ನನ್ನ ಜೊತೆ ಕೊಳ್ಳೇಗಾಲಕ್ಕೆ ಬಾ ಎಂದು ಅವಳನ್ನು ಬೇಡಿಕೊಂಡೆ. "ಅವ್ವ ಅವ್ಳೆ ಮನೇಲಿ" ಎಂದು ಹೊರಟುಹೋದಳು.

ಅವನು ಮಾತು ಉಳಿಸಿಕೊಂಡ. ಮನೆಗೆ ಹೋದ ಮೇಲೆ ಅವಳ ಬಲಗೈಯನ್ನು ಹೊಸ್ತಿಲ ಮೇಲೆ ಇಡಿಸಿ ರುಬ್ಬುವ ಗುಂಡುಕಲ್ಲಿನಿಂದ ಜಜ್ಜಿದ. ಗೆಣ್ಣಿನ ಮೇಲಿನ ಬಿಳಿ ಗೆರೆಗಳಿದ್ದ ಬೆರಳುಗಳನ್ನೇ. ಬಿಡಿಸಲು ಬಂದ ಅವಳ ಅವ್ವನಿಗೂ ಹೊಡೆದ. ಈ ಸಲ ಅವ್ವ ಸುಮ್ಮನಿರಲಿಲ್ಲ, ಮಗಳನ್ನು ಎತ್ತಿಕೊಂಡು ಬೀದಿಗೆ ಬಂದಳು. ಹನೂರಿನ ಆಸ್ಪತ್ರೆಗೆ ಅವರನ್ನು ಬೈಕಿನಲ್ಲಿ ಕರೆದೊಯ್ದವನು ಗೆಳತಿಯ ಅಣ್ಣ. ದೂರು ದಾಖಲಾಯಿತು, ಸಾಕ್ಷಿ ಹೇಳುವವಳು ನಾನು. ಅವನು ಜಾಮೀನಿನ ಮೇಲೆ ಹೊರಗೆ ಬಂದು, ನನ್ನನ್ನು ಬಸ್‌ಸ್ಟ್ಯಾಂಡಿನಲ್ಲಿ ಕಂಡರೆ ಈಗಲೂ ನಮಸ್ಕಾರ ಮಾಡುತ್ತಾನೆ. ನಾನು ಉಗುಳುತ್ತೇನೆ. ಎದುರಿಗೇ, ಅವನ ಚಪ್ಪಲಿಯ ಹತ್ತಿರ.

ಹುಡುಗಿಯನ್ನು ಯಳಂದೂರಿನ ಚಿಕ್ಕಮ್ಮನ ಮನೆಗೆ ಕಳಿಸಿದರು. ಒಂದು ಸಲ ಹೋಗಿ ನೋಡಿದೆ. ಕೈಗೆ ಬಿಳಿ ಪಟ್ಟಿ ಕಟ್ಟಿತ್ತು, ಎರಡು ಬೆರಳು ಮತ್ತೆ ಮಡಿಸಲಾಗುವುದಿಲ್ಲ ಎಂದಿದ್ದರಂತೆ. ಪರೀಕ್ಷೆಯ ಮಾತು ನಾನೂ ಎತ್ತಲಿಲ್ಲ, ಅವಳೂ ಎತ್ತಲಿಲ್ಲ. ಚಿಕ್ಕಮ್ಮ ಕೊಟ್ಟ ಕಾಫಿ ಕುಡಿದು ಬಂದೆ. ಬಸ್ಸಿನಲ್ಲಿ ಅಳು ಬಂತು, ಪಕ್ಕದಲ್ಲಿ ಕೂತವಳು ಕಿಟಕಿಯ ಸೀಟು ಬಿಟ್ಟುಕೊಟ್ಟಳು.

ಶಾಲೆಯಲ್ಲಿ ಹೆಡ್‌ಮಾಸ್ಟರು ತಾವಾಗಿಯೇ ತಡೆಯನ್ನು ಮತ್ತೆ ಹಾಕಿಸಿದರು. ಈಗ ಮಕ್ಕಳು ಬರೆದದ್ದು ನಾನು ಒಪ್ಪಿದ ಮೇಲಷ್ಟೇ ಪುಟಕ್ಕೆ ಬರುತ್ತದೆ. ಪೋಷಕರ ಗ್ರೂಪಿಗೂ ತಾನಾಗಿ ಹೋಗುವುದಿಲ್ಲ. ಹೋಗಲಿ ಎಂದಿದ್ದರೆ ಬರೆದವರೇ ಒಂದು ಚೌಕದಲ್ಲಿ ಗುರುತು ಹಾಕಬೇಕು. ಹೆಚ್ಚುಕಡಿಮೆ ಯಾರೂ ಹಾಕುವುದಿಲ್ಲ.

ಒಂದು ಮಧ್ಯಾಹ್ನ ಸ್ಟಾಫ್ ರೂಮಿನಲ್ಲಿ ಊಟ ಮಾಡುತ್ತಿದ್ದಾಗ ಫೋನು ಸದ್ದು ಮಾಡಿತು. ಒಪ್ಪಿಗೆಗೆ ಕಾದಿರುವ ಹೊಸ ಬರಹ. ಅವಳ ಹೆಸರು. ನಾವು ಯಾರೂ ಅವಳನ್ನು ಪುಟದಿಂದ ತೆಗೆದಿರಲಿಲ್ಲ. ಕೈ ತೊಳೆಯದೆಯೇ ಓದಿದೆ.

"ಹೆಡಗೈಯಲ್ಲಿ ಬರೆಯುತ್ತಿದ್ದೇನೆ. ಬಲಗೈಗೆ ಈಗ ಬರೆಯಲು ಬರುವುದಿಲ್ಲ. ಚಿಕ್ಕಮ್ಮನ ಮನೆಯಲ್ಲಿ ಗ್ಯಾಸು ಇದೆ, ಒಲೆ ಇಲ್ಲ. ಪರೀಕ್ಷೆಗೆ ಬರೆದುಕೊಡುವವರು ಒಬ್ಬರನ್ನು ಕೊಡುತ್ತಾರಂತೆ. ನಾನು ಬೇಡ ಅಂದೆ, ಹೆಡಗೈ ಕಲಿಯುತ್ತೇನೆ."

ಒಲೆಯನ್ನು ಅವಳು ಸರಿಯಾಗಿ ಬರೆದಿದ್ದಳು. ಎಡಗೈಯ ಮೇಲೆ ಮಾತ್ರ ಆ ಹಳೆಯ ಏಟಿನ ಹಕಾರ ಕೂತಿತ್ತು. ತಿದ್ದೋಣವೆಂದು ಬೆರಳು ಇಟ್ಟೆ. ಆಮೇಲೆ ಕೆಳಗೆ ನೋಡಿದೆ. ಚೌಕದಲ್ಲಿ ಗುರುತು ಹಾಕಿದ್ದಳು. ಎಲ್ಲ ಪೋಷಕರ ಫೋನಿಗೂ ಹೋಗಲಿ ಎಂದು. ಆ ಗ್ರೂಪಿನಿಂದ ಅವಳ ಅಪ್ಪನನ್ನೂ ಯಾರೂ ತೆಗೆದಿಲ್ಲ ಎಂದು ಅವಳಿಗೆ ಚೆನ್ನಾಗಿ ಗೊತ್ತಿತ್ತು.

ತಿದ್ದಲಿಲ್ಲ. ಒಪ್ಪಿಗೆ ಒತ್ತಿದೆ. ಗಳಿಗೆಯಲ್ಲಿ ಗ್ರೂಪಿನಲ್ಲಿ ಅವಳ ಹೆಸರು ಬಂತು, ಅದರ ಕೆಳಗೆ ಮೊದಲ ಸಾಲಿನ ತುಂಡು, ಮೂರು ಚುಕ್ಕಿ. ಹೆಡಗೈಯಲ್ಲಿ ಬರೆಯುತ್ತಿದ್ದೇನೆ. ಯಾರು ಯಾರು ನೋಡಿದರು ಎಂದು ಆ ಗ್ರೂಪಿನಲ್ಲಿ ತಿಳಿಯುತ್ತದೆ. ಅನ್ನ ಆರುತ್ತಿತ್ತು, ನಾನು ಫೋನು ಹಿಡಿದುಕೊಂಡು ಕಾದೆ. ಸ್ವಲ್ಪ ಹೊತ್ತಿಗೆ ಅವಳ ಅಪ್ಪನ ಹೆಸರೂ ಬಂತು. ಅವನು ನೋಡಿದ್ದ.